ಪೊರೆ ತೆಗೆಯುವ ಮೊದಲು ರೆಟಿನಾ ಸ್ಕ್ಯಾನ್: ವೈದ್ಯರು ಕಣ್ಣಾರೆ ನೋಡಿದ ಮೇಲೂ ಬೇಕೇ?

ನೀಲಿಶಾಯಿ

ತಂದೆಯವರ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿದೆ. ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದ್ದಾರೆ. ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ, ಸಾಕಷ್ಟು ಹೊತ್ತು ಒಳಗೆ ನೋಡಿ, "ಹಿಂಭಾಗ ಪರವಾಗಿಲ್ಲ ಎನಿಸುತ್ತದೆ, ಆದರೂ ಒಂದು ಓಸಿಟಿ ಆಗಲಿ" ಎಂದು ಬರೆದುಕೊಟ್ಟರು. ಓಸಿಟಿ ಎಂದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಸ್ಕ್ಯಾನ್. ತಂದೆಯವರ ತಕರಾರು ಅಲ್ಲಿಂದ ಶುರುವಾಯಿತು. ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದಿದವರು, ಸುಲಭಕ್ಕೆ ಒಪ್ಪುವ ಆಸಾಮಿ ಅಲ್ಲ. "ಮಬ್ಬಾಗಿರುವುದು ಕಿಟಕಿಯ ಗಾಜು, ಇವರು ಒಳಗಿನ ಗೋಡೆಯ ಫೋಟೊ ಏಕೆ ತೆಗೆಯುತ್ತಾರೆ?" ಎನ್ನುತ್ತಿದ್ದಾರೆ.

ನನಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ವೈದ್ಯರಿಗೆ ಕಾಣದ್ದು ಯಂತ್ರಕ್ಕೆ ಏನು ಕಾಣುತ್ತದೆ? ಅಲ್ಲಿ ಏನಾದರೂ ಸಿಕ್ಕಿದರೆ ಶಸ್ತ್ರಚಿಕಿತ್ಸೆ ನಿಂತುಹೋಗುತ್ತದೆಯೇ? ಮಧುಮೇಹ ಇಲ್ಲ, ಗ್ಲಾಕೋಮಾ ಇಲ್ಲ, ವಯಸ್ಸು 71.

ಗೊಣಗುವವ

ನಿಮ್ಮ ತಂದೆಯವರ ಪಕ್ಷಕ್ಕೆ ನನ್ನದೂ ಒಂದು ಮತ. ಈ ಸ್ಕ್ಯಾನ್ ಇಲ್ಲದೆಯೇ ದಶಕಗಟ್ಟಲೆ ಪೊರೆ ತೆಗೆದಿದ್ದಾರೆ, ಜನ ಓದಿದ್ದಾರೆ, ಬರೆದಿದ್ದಾರೆ, ವಾಹನ ಓಡಿಸಿದ್ದಾರೆ. ಯಂತ್ರ ತಂದಿಟ್ಟ ಮೇಲೆ ಅದಕ್ಕೆ ಕೆಲಸ ಕೊಡಲೇಬೇಕಲ್ಲ. ಯಾವುದೇ ಪರೀಕ್ಷೆಗೆ ಒಪ್ಪುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ಇದರ ಫಲಿತಾಂಶದಿಂದ ನಿಮ್ಮ ನಿರ್ಧಾರ ಬದಲಾಗುತ್ತದೆಯೇ? "ನೋಡೋಣ" ಎಂಬ ಉತ್ತರ ಬಂದರೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಕತ್ತಲಕೋಣೆ

ಆ ಯಂತ್ರದ ಮುಂದೆ ಜನರನ್ನು ಕೂರಿಸುವುದೇ ನನ್ನ ಉದ್ಯೋಗ. ಆದ್ದರಿಂದ ನನ್ನ ಮಾತಿಗೆ ಬೇಕಾದಷ್ಟು ಉಪ್ಪು ಖಾರ ಕಳೆದು ಓದಿಕೊಳ್ಳಿ.

ವೈದ್ಯರು ಹನಿ ಹಾಕಿ ನೋಡುವಾಗ ರೆಟಿನಾ ಮೇಲಿನಿಂದ ಕಾಣುತ್ತದೆ. ಬಣ್ಣ, ರಕ್ತನಾಳ, ರಕ್ತಸ್ರಾವ, ದೃಷ್ಟಿನರದ ತಲೆ ಎಲ್ಲವೂ ತಿಳಿಯುತ್ತದೆ. ಓಸಿಟಿ ತೋರಿಸುವುದು ಅಡ್ಡಕೊಯ್ತವನ್ನು. ಬೆಳಕನ್ನು ಒಳಗೆ ಕಳುಹಿಸಿ, ಯಾವ ಆಳದಿಂದ ಎಷ್ಟು ಮರಳಿತು ಎಂದು ಅಳೆದು ಪದರ ಪದರವಾಗಿ ಚಿತ್ರ ಕಟ್ಟುತ್ತದೆ. ಕ್ಷ-ಕಿರಣ ಇಲ್ಲ, ಸೂಜಿ ಇಲ್ಲ, ಕಣ್ಣನ್ನು ಮುಟ್ಟುವುದೂ ಇಲ್ಲ. ರೆಟಿನಾದಲ್ಲಿ ಸೂಕ್ಷ್ಮ ನೋಟ ಕೊಡುವ ನಡುಭಾಗಕ್ಕೆ ಮ್ಯಾಕ್ಯುಲಾ ಎನ್ನುತ್ತಾರೆ. ಅದರ ನಟ್ಟನಡುವೆ ರೆಟಿನಾದ ದಪ್ಪ ಸುಮಾರು ಕಾಲು ಮಿಲಿಮೀಟರ್. ಈಗಿನ ಯಂತ್ರಗಳು ಅದರಲ್ಲಿ 5 ಮೈಕ್ರಾನ್‌ನಷ್ಟು ಸಣ್ಣ ವ್ಯತ್ಯಾಸವನ್ನೂ ಬೇರ್ಪಡಿಸುತ್ತವೆ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ರೆಟಿನಾದ ಮೇಲೆ ಹರಡುವ ತೆಳು ಪಾರದರ್ಶಕ ಪದರ, ಒಳಗೆ ಕಟ್ಟಿಕೊಂಡ ಒಂದು ಪುಟ್ಟ ದ್ರವದ ಗುಳ್ಳೆ, ಜೆಲ್ಲಿಯಂಥ ವಿಟ್ರಿಯಸ್ ನಡುಭಾಗವನ್ನು ಹಿಡಿದೆಳೆಯುತ್ತಿರುವುದು ಇವೆಲ್ಲ ಮೇಲಿನಿಂದ ನೋಡುವವರಿಗೆ ತಪ್ಪಿಹೋಗಬಹುದು. ಅದೂ ಪೊರೆಯ ಮಂಜಿನೊಳಗಿಂದ ನೋಡುವಾಗ! ಎಷ್ಟೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಮಂಜು ಮಂಜೇ.

ಪೊರೆ ಇರುವವರ ಸ್ಕ್ಯಾನ್ ತೆಗೆಯುವುದು ಸಲೀಸಲ್ಲ, ನಿಜ. ಗಲ್ಲ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ, ಒಳಗಿನ ಹೊಳೆಯುವ ಗುರುತನ್ನೇ ನೋಡಿ ಎನ್ನುತ್ತೇವೆ. ಮಬ್ಬುಗಣ್ಣಿನವರಿಗೆ ಆ ಗುರುತು ಹರಡಿ ಕಾಣುತ್ತದೆ, ನೋಟ ಜಾರುತ್ತದೆ. ಕಣ್ಣು ಒಣಗಿದ್ದರೆ ಪರದೆಯ ಮೇಲಿನ ಚಿತ್ರ ಕಣ್ಣೆದುರೇ ಬೂದು ತಿರುಗುತ್ತದೆ. ಆಗ "ಎರಡು ಸಲ ಜೋರಾಗಿ ರೆಪ್ಪೆ ಬಡಿಯಿರಿ, ಈಗ ಹಾಗೇ ಅಗಲಿಸಿ ಹಿಡಿಯಿರಿ" ಎಂದು ಹೇಳಿ ಆ ಕ್ಷಣದಲ್ಲೇ ಗುಂಡಿ ಒತ್ತಬೇಕು. ಪೊರೆಯ ದಟ್ಟ ಕಲೆ ನಡುವೆಯೇ ಇದ್ದರೆ ಕಿರಣವನ್ನು ಪಾಪೆಯ ಒಂದು ಬದಿಗೆ ಸರಿಸಿ ಸಂದಿ ಹುಡುಕುತ್ತೇವೆ. ಬಳಸುವುದು ಅವಕೆಂಪು ಬೆಳಕಾದ್ದರಿಂದ ಹಲವು ಸಲ ನಮ್ಮ ಕಣ್ಣು ಸೋತಲ್ಲಿಯೂ ಅದು ನುಸುಳುತ್ತದೆ.

ಗೊಣಗುವವ

ವಿವರಣೆ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಗುಳ್ಳೆ ಕಂಡಿತು ಎಂದಿಟ್ಟುಕೊಳ್ಳೋಣ. ಪೊರೆಯನ್ನಂತೂ ತೆಗೆಯಲೇಬೇಕು. ಮತ್ತೇನು ಬದಲಾಯಿತು?

ರಾತ್ರಿಪಾಳಿ

ನೇತ್ರವಿಜ್ಞಾನದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಗೊಣಗುವವರ ಪ್ರಶ್ನೆ ನ್ಯಾಯವಾದದ್ದು. ಎಲ್ಲರಿಗೂ ಕಡ್ಡಾಯವಾಗಿ ಓಸಿಟಿ ಮಾಡಬೇಕು ಎಂಬ ಒಮ್ಮತ ವೈದ್ಯರಲ್ಲೂ ಇಲ್ಲ. ಆದರೆ "ಏನೂ ಬದಲಾಗದು" ಎಂಬುದು ನಿಜವಲ್ಲ.

ಮೊದಲು ಬದಲಾಗುವುದು ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಕೃತಕ ಮಸೂರದ ಆಯ್ಕೆ. ಮಲ್ಟಿಫೋಕಲ್ ಮಸೂರ ಒಳಗೆ ಬರುವ ಬೆಳಕನ್ನು ದೂರಕ್ಕೆ ಇಷ್ಟು, ಹತ್ತಿರಕ್ಕೆ ಇಷ್ಟು ಎಂದು ಹಂಚುತ್ತದೆ. ಆ ಹಂಚಿಕೆಯಲ್ಲಿ ಕಪ್ಪು ಬಿಳುಪಿನ ನಡುವಿನ ಸೂಕ್ಷ್ಮ ಅಂತರ ಸ್ವಲ್ಪ ಸೋರಿಹೋಗುತ್ತದೆ. ಆರೋಗ್ಯವಂತ ಮ್ಯಾಕ್ಯುಲಾ ಇದನ್ನು ತಾಳಿಕೊಳ್ಳುತ್ತದೆ. ಮೊದಲೇ ಪೆಟ್ಟು ತಿಂದ ಮ್ಯಾಕ್ಯುಲಾಕ್ಕೆ ಇದು ಗಾಯದ ಮೇಲೆ ಬರೆ. ಅಂಥವರಿಗೆ ಒಂದೇ ದೂರಕ್ಕೆ ಹೊಂದಿಸಿದ ಸಾದಾ ಮಸೂರವೇ ಸರಿ ಎನ್ನುವವರು ಹೆಚ್ಚು. ಒಮ್ಮೆ ಒಳಗೆ ಕೂರಿಸಿದ ಮಸೂರವನ್ನು ತೆಗೆದು ಬೇರೆ ಹಾಕುವುದು ಸಾಧ್ಯ, ಆದರೆ ಅದು ಎರಡನೇ ಶಸ್ತ್ರಚಿಕಿತ್ಸೆ. ಮೊದಲನೆಯದಕ್ಕಿಂತ ಅಪಾಯ ಜಾಸ್ತಿ.

ಎರಡನೆಯದು ಚಿಕಿತ್ಸೆಯ ಸರದಿ. ಮಧುಮೇಹದಿಂದ ಮ್ಯಾಕ್ಯುಲಾ ಊದಿಕೊಂಡಿದ್ದರೆ, ಅಥವಾ ವಯಸ್ಸಿನ ಮ್ಯಾಕ್ಯುಲಾ ಸವೆತದಲ್ಲಿ ಹೊಸ ರಕ್ತನಾಳ ಬೆಳೆದು ಸೋರುತ್ತಿದ್ದರೆ, ಮೊದಲು ಅದಕ್ಕೆ ಚುಚ್ಚುಮದ್ದು ಕೊಟ್ಟು ಹತೋಟಿಗೆ ತಂದು ಆಮೇಲೆ ಪೊರೆಗೆ ಕೈಹಾಕುವುದು ವಾಡಿಕೆ. ಊದಿಕೊಂಡ ಮ್ಯಾಕ್ಯುಲಾ ಇರುವಾಗಲೇ ಪೊರೆ ತೆಗೆದರೆ ಊತ ಹೆಚ್ಚುವ ಸಂಭವವಿದೆ. ಮ್ಯಾಕ್ಯುಲಾದಲ್ಲಿ ರಂಧ್ರವಿದ್ದರೆ ಲೆಕ್ಕವೇ ಬೇರೆ: ವಿಟ್ರಿಯಸ್ ತೆಗೆಯುವ ಶಸ್ತ್ರಚಿಕಿತ್ಸೆ ಮತ್ತು ಪೊರೆಯದು ಒಟ್ಟಿಗೇ ಆಗಬೇಕೋ ಬೇರೆ ಬೇರೆಯೋ ಎಂದು ಯೋಚಿಸಬೇಕು. ಆ ರಂಧ್ರವನ್ನು ಅಳೆಯುವುದೂ ಓಸಿಟಿ ಚಿತ್ರದಲ್ಲೇ. 250 ಮೈಕ್ರಾನ್‌ವರೆಗೆ ಸಣ್ಣದು, 400 ದಾಟಿದರೆ ದೊಡ್ಡದು ಎಂಬ ವರ್ಗೀಕರಣ ಬಳಕೆಯಲ್ಲಿದೆ. ದೊಡ್ಡದಾದಷ್ಟೂ ಮುಚ್ಚುವುದು ಕಷ್ಟ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ರೋಗಿಗೆ ಏನು ಮಾತು ಕೊಡಬೇಕು ಎಂಬುದು. ಶಸ್ತ್ರಚಿಕಿತ್ಸೆ ಕೂದಲೆಳೆಯಷ್ಟೂ ತಪ್ಪಿಲ್ಲದೆ ಆಗಿರುತ್ತದೆ, ಮಸೂರ ನೆಟ್ಟಗೆ ಕುಳಿತಿರುತ್ತದೆ, ಆದರೂ ರೋಗಿ ಕೆಳಗಿನ ಸಾಲು ಓದಲಾರರು. ಕಾರಣ ಹಿಂದೆ ಇತ್ತು, ಮೊದಲೇ ಇತ್ತು. ಆದರೆ ಮೊದಲು ಚಿತ್ರ ತೆಗೆದಿರದಿದ್ದರೆ ಅದನ್ನು ಯಾರು ನಂಬುತ್ತಾರೆ?

ಹಳೆಯ ಚೌಕಟ್ಟು

ರಾತ್ರಿಪಾಳಿಯವರ ಮೂರನೆಯ ಮಾತಿಗೆ ನಾನೇ ಸಾಕ್ಷಿ. ಪೊರೆ ತೆಗೆಸುವ ಮೊದಲಿನ ಸ್ಕ್ಯಾನ್‌ನಲ್ಲಿ ನನ್ನ ಬಲ ರೆಟಿನಾದ ಮೇಲೆ ಎಪಿರೆಟಿನಲ್ ಮೆಂಬ್ರೇನ್, ಅಂದರೆ ಕತ್ತಲಕೋಣೆ ಹೇಳಿದ ಆ ತೆಳು ಪದರ, ಕಂಡಿತು. ಚಿತ್ರದಲ್ಲಿ ನೋಡಿದರೆ ನಡುವೆ ಇರಬೇಕಾದ ತಗ್ಗೇ ಇಲ್ಲ. ಅಲ್ಲಿ ನವಿರಾಗಿ ಕೆಳಗಿಳಿಯಬೇಕಾದ ಗೆರೆ ಸಪಾಟಾಗಿತ್ತು, ಮೇಲೆ ಒಂದು ಬೆಳ್ಳನೆಯ ದಾರ ಎಳೆದು ಕಟ್ಟಿದ ಹಾಗೆ. ವೈದ್ಯರು ಪೆನ್ನಿನ ತುದಿಯಿಂದ ತೋರಿಸಿ ಹೇಳಿದರು: "ಮಬ್ಬು ಹೋಗುತ್ತದೆ, ಬಣ್ಣಗಳು ಮರಳುತ್ತವೆ. ಸಾಲುಗಳು ಸೊಟ್ಟಗೆ ಕಾಣುವುದು ಮಾತ್ರ ಇದರಿಂದ, ಅದು ಉಳಿಯಬಹುದು." ಹಾಗೆಯೇ ಆಯಿತು. ಬೆಳಕು ಮರಳಿತು, ಬಾಗಿಲ ಚೌಕಟ್ಟು ಮಾತ್ರ ಇಂದಿಗೂ ಬಲಗಣ್ಣಿಗೆ ನಡುವಿನಲ್ಲಿ ಸ್ವಲ್ಪ ಬಾಗಿದೆ. ಹೇಳಿಸಿಕೊಂಡಿದ್ದೆನಾದ್ದರಿಂದ ಬೇಸರವಾಗಲಿಲ್ಲ.

ನನ್ನ ಹತ್ತಿರದ ಬಂಧುವೊಬ್ಬರಿಗೂ ಈಗ ಇದೇ ತೊಂದರೆ. ಅವರು ಬೇರೆ ಕಡೆ ಸ್ಕ್ಯಾನ್ ಇಲ್ಲದೆ ಮಲ್ಟಿಫೋಕಲ್ ಹಾಕಿಸಿಕೊಂಡರು. ಮೆಂಬ್ರೇನ್ ಇರುವುದು ತಿಳಿದದ್ದು ಆಮೇಲೆ. ಮೊದಲೇ ಇತ್ತೋ ಆಮೇಲೆ ಬಂತೋ ಎಂದು ಈಗ ಹೇಳುವವರಿಲ್ಲ. ವೈದ್ಯರಿಗೂ ಇವರಿಗೂ ಮಾತೇ ನಿಂತುಹೋಗಿದೆ.

ಗೊಣಗುವವ

ಸರಿ, ಈ ವಿಷಯದಲ್ಲಿ ಒಂದು ಮೆಟ್ಟಿಲು ಇಳಿಯುತ್ತೇನೆ. ಆದರೂ "ದಶಕಗಟ್ಟಲೆ ಇಲ್ಲದೆ ನಡೆಯಿತು" ಎಂಬುದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕತ್ತಲಕೋಣೆ

ಇಲ್ಲದೆ ನಡೆದದ್ದು ಏಕೆಂದರೆ ಯಂತ್ರವೇ ಇರಲಿಲ್ಲ! ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನೊಳಗೆ ನೋಡುವ ಉಪಕರಣವಾದ ಆಫ್ತಾಲ್ಮೋಸ್ಕೋಪ್ ಪ್ರಕಟಿಸುವವರೆಗೆ ಜೀವಂತ ಕಣ್ಣಿನ ರೆಟಿನಾವನ್ನು ಚೆನ್ನಾಗಿ ನೋಡುವ ದಾರಿಯೇ ಇರಲಿಲ್ಲ. ತೋಳಿಗೆ ಫ್ಲೂರೊಸೀನ್ ಎಂಬ ಹೊಳೆಯುವ ಬಣ್ಣದ ದ್ರವ ಚುಚ್ಚಿ ರೆಟಿನಾದ ರಕ್ತನಾಳಗಳ ಚಿತ್ರ ತೆಗೆಯುವುದು ಬಂದದ್ದು 1961ರಲ್ಲಿ. ಓಸಿಟಿಯ ಮೊದಲ ಪ್ರಬಂಧ ಬಂದದ್ದು 1991ರಲ್ಲಿ, ಮಾರಾಟಕ್ಕೆ ಯಂತ್ರ ಬಂದದ್ದು 1996ರಲ್ಲಿ. ಅದನ್ನು ಕಟ್ಟಿದ ಫುಜಿಮೊಟೊ, ಹುವಾಂಗ್, ಸ್ವಾನ್ಸನ್ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು. ಓಸಿಟಿ ಬರುವ ಮೊದಲು ಪೊರೆ ತೆಗೆಸಿಕೊಂಡು ದೃಷ್ಟಿ ಬಾರದವರೂ ಇದ್ದರು. ಅವರಿಗೆ "ನರ ದುರ್ಬಲ" ಎಂದು ಹೇಳಿ ಕಳುಹಿಸುತ್ತಿದ್ದರು, ಅಷ್ಟೇ.

ಬೇಲಿಹೂ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅಜ್ಜಿಯ ಪೊರೆ ಪೂರ್ತಿ ಬೆಳ್ಳಗಾಗಿದೆ. ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಓಸಿಟಿ ಪ್ರಯತ್ನಿಸಿದರು, ಪರದೆಯ ಮೇಲೆ ಬರೀ ಕತ್ತಲು. ಹಾಗಾದರೆ ಕಣ್ಣುಮುಚ್ಚಿ ಶಸ್ತ್ರಚಿಕಿತ್ಸೆಗೆ ಇಳಿಯಬೇಕೇ?

ರಾತ್ರಿಪಾಳಿ

ಬೇಲಿಹೂ, ಕಣ್ಣುಮುಚ್ಚಿ ಅಲ್ಲ. ಬೆಳಕು ಹೋಗದ ಕಡೆ ಶಬ್ದ ಹೋಗುತ್ತದೆ. ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್ ಮಾಡಿಸಿ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ರೆಟಿನಾ ಕಳಚಿದೆಯೇ, ಒಳಗೆ ರಕ್ತ ತುಂಬಿದೆಯೇ, ಗಡ್ಡೆ ಇದೆಯೇ ಎಂಬುದು ಗೊತ್ತಾಗುತ್ತದೆ. ಮ್ಯಾಕ್ಯುಲಾದ ಸೂಕ್ಷ್ಮ ಕಾಯಿಲೆ ಅದರಲ್ಲಿ ಕಾಣದು.

ಜೊತೆಗೆ ಟಾರ್ಚ್ ಸಾಕಾಗುವ ಎರಡು ಪರೀಕ್ಷೆಗಳಿವೆ. ನಾಲ್ಕು ದಿಕ್ಕಿನಿಂದ ಬೆಳಕು ಬಿಟ್ಟಾಗ ಅಜ್ಜಿ ದಿಕ್ಕನ್ನು ಸರಿಯಾಗಿ ಹೇಳುತ್ತಾರೆಯೇ? ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬೀಸಿದಾಗ ಎರಡೂ ಪಾಪೆಗಳು ಸಮನಾಗಿ ಕುಗ್ಗುತ್ತವೆಯೇ? ಪೊರೆ ಎಷ್ಟೇ ದಟ್ಟವಾಗಿದ್ದರೂ ಪಾಪೆಯ ಈ ಪ್ರತಿಕ್ರಿಯೆ ಕೆಡುವುದಿಲ್ಲ. ಕೆಟ್ಟಿದ್ದರೆ ಹಿಂದೆ, ರೆಟಿನಾದಲ್ಲೋ ದೃಷ್ಟಿನರದಲ್ಲೋ, ದೊಡ್ಡ ತೊಂದರೆ ಇದೆ ಎಂದರ್ಥ. ಓಸಿಟಿಯನ್ನು ಪೊರೆ ತೆಗೆದ ಮೇಲೆ ಮಾಡಿಸಬಹುದು.

ದಪ್ಪಗಾಜು

ನನ್ನದು ಪೊರೆಯಲ್ಲ, ಲೇಸಿಕ್, ಕನ್ನಡಕ ತಪ್ಪಿಸುವ ಲೇಸರ್ ಚಿಕಿತ್ಸೆ. ವಯಸ್ಸು 26, ಎರಡೂ ಕಣ್ಣಿಗೆ ಮೈನಸ್ 8. ಅವರು ತಿದ್ದುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು. ಆದರೂ ರೆಟಿನಾ ನೋಡಬೇಕು ಎಂದು ಹನಿ ಹಾಕಿ ಕೂರಿಸಿದ್ದಾರೆ. ಇಲ್ಲಿಯೂ ಓಸಿಟಿ ಸಾಕಲ್ಲವೇ, ಹನಿ ಏಕೆ? ಅರ್ಧ ದಿನ ಅಕ್ಷರ ಕಾಣುವುದಿಲ್ಲ.

ರಾತ್ರಿಪಾಳಿ

ನಿಮಗೆ ಹನಿ ತಪ್ಪದು, ಓಸಿಟಿ ಬೇಕಾದರೆ ತಪ್ಪಬಹುದು! ಮ್ಯಾಕ್ಯುಲಾದ ಮಾಮೂಲಿ ಸ್ಕ್ಯಾನ್ ಹಿಡಿಯುವುದು ನಡುವಿನ 6 ಮಿಲಿಮೀಟರ್ ಉದ್ದಗಲದ ಚೌಕವನ್ನು. ನಿಮ್ಮಂಥವರಿಗೆ ಅಪಾಯ ಅಂಚಿನಲ್ಲಿದೆ. ಹೆಚ್ಚು ಮೈನಸ್ ಇರುವ ಕಣ್ಣು ಸಾಮಾನ್ಯವಾಗಿ ಉದ್ದ ಬೆಳೆದಿರುತ್ತದೆ, ರೆಟಿನಾ ಎಳೆದು ತೆಳುವಾಗಿರುತ್ತದೆ. ಅಂಚಿನಲ್ಲಿ ಲ್ಯಾಟಿಸ್ ಎಂಬ ಸವೆತ, ರಂಧ್ರ, ಹರಿದ ಭಾಗ ಇರಬಹುದು. ಹರಿದಿದ್ದರೆ ಅದರ ಸುತ್ತ ಲೇಸರ್‌ನಿಂದ ಬೇಲಿ ಹಾಕಿ, ಅದು ಗಟ್ಟಿಯಾದ ಮೇಲೆಯೇ ಲೇಸಿಕ್.

200 ಡಿಗ್ರಿಯಷ್ಟು ಅಗಲವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಕ್ಯಾಮೆರಾಗಳಿವೆ, ಹನಿ ಇಲ್ಲದೆಯೂ ತೆಗೆಯುತ್ತವೆ. ಅವೂ ರೆಟಿನಾದ ಸುಮಾರು ಐದರಲ್ಲಿ ನಾಲ್ಕು ಭಾಗವನ್ನಷ್ಟೇ ತೋರಿಸುತ್ತವೆ. ಕಟ್ಟಕಡೆಯ ಅಂಚನ್ನು ನೋಡಲು ಹಣೆಗೆ ದೀಪ ಕಟ್ಟಿಕೊಂಡು, ಪಾಪೆ ಹಿಗ್ಗಿಸಿ, ಕಣ್ಣಗುಡ್ಡೆಯನ್ನು ಹೊರಗಿನಿಂದ ಮೆಲ್ಲಗೆ ಒತ್ತಿ ನೋಡುವ ಹಳೆಯ ವಿಧಾನವೇ ಗತಿ. ಇನ್ನೊಂದು ವಿಷಯ: ಲೇಸಿಕ್‌ನಿಂದ ಕನ್ನಡಕ ಹೋಗುತ್ತದೆ, ಉದ್ದಗಣ್ಣು ಹೋಗುವುದಿಲ್ಲ. ಮುಂದೆಯೂ ಕಣ್ಣಲ್ಲಿ ಮಿಂಚು ಹೊಡೆದರೆ, ಕಪ್ಪು ಚುಕ್ಕೆಗಳು ದಿಢೀರನೆ ಮಳೆಗರೆದರೆ, ಅದೇ ದಿನ ವೈದ್ಯರ ಬಳಿ ಹೋಗಬೇಕು.

ಕತ್ತಲಕೋಣೆ

ದಪ್ಪಗಾಜು ಅವರೇ, ಲೇಸಿಕ್‌ಗೆ ಮುಂಚಿನ ಕಾರ್ನಿಯಾದ ಅಳತೆಗಳ ಪ್ರತಿಯನ್ನು ಜೋಪಾನವಾಗಿಡಿ. ವಯಸ್ಸಾದ ಮೇಲೆ ನಿಮಗೂ ಪೊರೆ ಬಂದಾಗ ಮಸೂರದ ಪವರ್ ಲೆಕ್ಕ ಹಾಕಲು ಅವು ನೆರವಾಗುತ್ತವೆ. ಕೊಡಿ ಎಂದು ಕೇಳುವವರು ಬಹಳ ಕಡಿಮೆ.

ನೀಲಿಶಾಯಿ

ಎಲ್ಲರಿಗೂ ವಂದನೆ. ಇದನ್ನೆಲ್ಲ ತಂದೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನರ ದುರ್ಬಲ" ಎಂಬುದಕ್ಕೆ ಜೋರಾಗಿ ನಕ್ಕರು. ಅವರ ಚಿಕ್ಕಪ್ಪನಿಗೆ ಹಾಗೆಯೇ ಹೇಳಿದ್ದರಂತೆ.

ಒಂದು ಗೊಂದಲ. ಮಸೂರದ ಅಳತೆಗೆಂದು ಈಗಾಗಲೇ ಒಂದು ಯಂತ್ರದಲ್ಲಿ ಕಣ್ಣು ತೋರಿಸಿದ್ದೇವೆ. ಅದರಲ್ಲೂ ಗಲ್ಲ ಊರಿ ಕೂರಬೇಕಿತ್ತು. ಅದೇ ಓಸಿಟಿಯಲ್ಲವೇ?

ಕತ್ತಲಕೋಣೆ

ಅಲ್ಲ. ಅದು ಬಯೋಮೆಟ್ರಿ. ಕಾರ್ನಿಯಾದಿಂದ ರೆಟಿನಾದವರೆಗಿನ ಉದ್ದವನ್ನು ಅಳೆಯುತ್ತದೆ. ಸಾಮಾನ್ಯ ಕಣ್ಣಿನಲ್ಲಿ ಅದು 23.5 ಮಿಲಿಮೀಟರ್ ಆಸುಪಾಸು. ಅಳತೆಯಲ್ಲಿ 1 ಮಿಲಿಮೀಟರ್ ತಪ್ಪಿದರೆ ಮಸೂರದ ಪವರ್ ಸುಮಾರು 2.5ರಿಂದ 3 ಡಯಾಪ್ಟರ್ (ಪವರ್ ಅಳೆಯುವ ಮಾನ) ತಪ್ಪುತ್ತದೆ. ಎಂದರೆ ಮತ್ತೆ ದಪ್ಪ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮೊದಲು ಅವನ್ನು ನಿಲ್ಲಿಸಬೇಕು, ಅದು ಕಾರ್ನಿಯಾದ ಆಕಾರವನ್ನೇ ಬದಲಿಸಿರುತ್ತದೆ. ಹೊಸ ಬಯೋಮೆಟ್ರಿ ಯಂತ್ರಗಳಲ್ಲಿ ಕೆಲವು ಮ್ಯಾಕ್ಯುಲಾದ ಒಂದು ಪುಟ್ಟ ಅಡ್ಡಕೊಯ್ತವನ್ನೂ ತೋರಿಸುತ್ತವೆ. ಅದು ಮುಖ್ಯವಾಗಿ ರೋಗಿ ನೇರ ನೋಡುತ್ತಿದ್ದಾರೆಯೇ ಎಂದು ತಿಳಿಯಲು. ಅಲ್ಲಿ ಅನುಮಾನ ಬಂದರೆ ಓಸಿಟಿಗೆ ಕಳುಹಿಸುತ್ತಾರೆ. ನಿಮ್ಮ ವೈದ್ಯರಿಗೂ ಹಾಗೇ ಏನೋ ಕಂಡಿರಬಹುದು, ಕೇಳಿ ನೋಡಿ.

ನೀಲಿಶಾಯಿ

ಸ್ಕ್ಯಾನ್ ಆಯಿತು. ವರದಿ ಕೈಯಲ್ಲಿದೆ. ಮಧ್ಯಭಾಗದ ದಪ್ಪ ಎಡಗಣ್ಣಿನಲ್ಲಿ 262 ಮೈಕ್ರಾನ್, ಬಲಗಣ್ಣಿನಲ್ಲಿ 338. ಬಲಗಣ್ಣಿನ ವೃತ್ತದಲ್ಲಿ ನಡುಭಾಗಕ್ಕೆ ಕೆಂಪು ಬಣ್ಣ ಹಾಕಿದ್ದಾರೆ. ವೈದ್ಯರ ಭೇಟಿ ನಾಳೆ. ತಂದೆಯವರು ಆ ಕೆಂಪನ್ನೇ ನೋಡುತ್ತಾ ಕುಳಿತಿದ್ದಾರೆ, ಕರಡಿನಲ್ಲಿ ತಾವು ಬಳಿಯುತ್ತಿದ್ದ ಶಾಯಿಯ ಬಣ್ಣ ಅದು.

ಕತ್ತಲಕೋಣೆ

ಬಣ್ಣ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಬಣ್ಣ ಕಾಯಿಲೆಯ ಹೆಸರಲ್ಲ. ಯಂತ್ರದೊಳಗೆ ಆರೋಗ್ಯವಂತರ ಅಳತೆಗಳ ಒಂದು ಸಂಗ್ರಹವಿರುತ್ತದೆ, ನಿಮ್ಮ ಅಂಕಿ ಅದರ ವ್ಯಾಪ್ತಿಯಿಂದ ಆಚೆ ಇದೆ ಎಂದಷ್ಟೇ ಆ ಬಣ್ಣ ಹೇಳುತ್ತದೆ. ರೆಪ್ಪೆ ಬಡಿದರೂ, ನೋಟ ಪಕ್ಕಕ್ಕೆ ಜಾರಿದರೂ, ಪದರದ ಗೆರೆಯನ್ನು ಯಂತ್ರ ತಪ್ಪು ಜಾಗದಲ್ಲಿ ಎಳೆದರೂ ಕೆಂಪು ಬರುತ್ತದೆ. ಮೈನಸ್ ಕಣ್ಣಿನವರಿಗೆ ಏನೂ ಇಲ್ಲದೆ ಕೆಂಪು ಬರುವುದುಂಟು. ಎಲ್ಲ ಹಸಿರಿದ್ದೂ ತೊಂದರೆ ಇರುವುದುಂಟು.

ನೀವು ನೋಡಬೇಕಾದದ್ದು ಎರಡು. ಸಿಗ್ನಲ್ ಎಷ್ಟಿದೆ? ಕೆಲವು ಯಂತ್ರಗಳು 10ಕ್ಕೆ ಅಂಕ ಕೊಡುತ್ತವೆ, 6ಕ್ಕಿಂತ ಕೆಳಗಿದ್ದರೆ ಆ ಅಂಕಿಗಳನ್ನು ನಂಬುವುದು ಕಷ್ಟ. ಎರಡನೆಯದು, ಬಣ್ಣದ ವೃತ್ತದ ಕೆಳಗಿರುವ ಬೂದು ಬಣ್ಣದ ಅಡ್ಡಕೊಯ್ತ. ನಡುವೆ ತಗ್ಗು ಇದೆಯೇ?

ನೀಲಿಶಾಯಿ

ಸಿಗ್ನಲ್ 7. ಎಡಗಣ್ಣಿನಲ್ಲಿ ತಗ್ಗು ಸ್ಪಷ್ಟವಾಗಿದೆ. ಬಲಗಣ್ಣಿನಲ್ಲಿ ಹೆಚ್ಚು ಕಡಿಮೆ ಸಮತಟ್ಟು, ಮೇಲೆ ಒಂದು ಹೊಳೆಯುವ ಗೆರೆ.

ಹಳೆಯ ಚೌಕಟ್ಟು

ಆ ಗೆರೆಯ ಪರಿಚಯ ನನಗಿದೆ. ಆದರೆ ನಾಳೆ ವೈದ್ಯರೇ ಹೇಳಲಿ. ಚೌಕುಳಿ ಹಾಳೆಯನ್ನು ಓದುವ ದೂರದಲ್ಲಿ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಗೆರೆ ಬಾಗಿ ಕಂಡರೆ ಅದನ್ನೂ ತಿಳಿಸಿ.

ನೀಲಿಶಾಯಿ

ಭೇಟಿ ಮುಗಿಯಿತು. ಬಲಗಣ್ಣಿನಲ್ಲಿ ಎಪಿರೆಟಿನಲ್ ಮೆಂಬ್ರೇನ್ ಇದೆ. ದ್ರವ ಇಲ್ಲ, ರಂಧ್ರ ಇಲ್ಲ. ಎಡ ಮ್ಯಾಕ್ಯುಲಾ ಚೆನ್ನಾಗಿದೆ. ಶಸ್ತ್ರಚಿಕಿತ್ಸೆ ನಿಲ್ಲುವುದಿಲ್ಲ. ಕನ್ನಡಕವಿಲ್ಲದೆ ಓದಬಹುದು ಎಂದು ತಂದೆಯವರು ಮಲ್ಟಿಫೋಕಲ್ ಮೇಲೆ ಕಣ್ಣಿಟ್ಟಿದ್ದರು, ವೈದ್ಯರು ಬೇಡ ಎಂದರು. ಎರಡೂ ಕಣ್ಣಿಗೆ ಸಾದಾ ಮಸೂರ, ಓದಲು ಕನ್ನಡಕ. ಮೆಂಬ್ರೇನ್ ತೆಗೆಯುವ ಮಾತು ಸದ್ಯಕ್ಕಿಲ್ಲ. ಸೊಟ್ಟ ಕಾಣುವುದು ಹೆಚ್ಚಾದರೆ ಆಗ ರೆಟಿನಾ ತಜ್ಞರು ನೋಡುತ್ತಾರೆ. ಮಸೂರ ಅಳೆಯುವಾಗಲೇ ಏನೋ ಅನುಮಾನ ಬಂದಿತ್ತು ಎಂದು ಒಪ್ಪಿಕೊಂಡರು. ಆ ಮಾತನ್ನು ಮೊದಲೇ ಹೇಳಿದ್ದರೆ ಇಷ್ಟು ರಂಪವೇ ಆಗುತ್ತಿರಲಿಲ್ಲ.

ಚೌಕುಳಿ ಹಾಳೆಯಲ್ಲಿ ಬಲಗಣ್ಣಿಗೆ ನಡುವಿನ ಗೆರೆಗಳು ಅಲೆಯಂತೆ ಕಂಡವು. "ಕೊನೆಯ ಒಂದೆರಡು ವರ್ಷ ಸಾಲು ಬಾಗುತ್ತಿದೆ ಎಂದು ಅಚ್ಚಿನ ಮೊಳೆ ಜೋಡಿಸುವವರನ್ನು ಬೈಯುತ್ತಿದ್ದೆನಲ್ಲ" ಎಂದರು ತಂದೆ.

ಗೊಣಗುವವ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು: ಮಸೂರ ಬದಲಾಯಿತು. ಆದರೆ ಅನುಮಾನವಿದ್ದರೆ ಬಾಯಿಬಿಟ್ಟು ಹೇಳಬೇಕು, ಚೀಟಿ ಬರೆದು ಕೈತೊಳೆದುಕೊಳ್ಳಬಾರದು ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ರಾತ್ರಿಪಾಳಿ

ಒಪ್ಪಿದೆ. ನೀಲಿಶಾಯಿ, ಒಂದು ಎಚ್ಚರ. ಪೊರೆ ತೆಗೆದ ಕೆಲವು ವಾರಗಳ ಮೇಲೆ ಕೆಲವರಿಗೆ ಮ್ಯಾಕ್ಯುಲಾದಲ್ಲಿ ನೀರು ತುಂಬುತ್ತದೆ, ಇರ್ವಿನ್-ಗ್ಯಾಸ್ ಎಂಬ ಹೆಸರು ಅದಕ್ಕೆ. ಮೆಂಬ್ರೇನ್ ಇರುವ ಕಣ್ಣಿಗೆ ಇದರ ಸಂಭವ ಸ್ವಲ್ಪ ಹೆಚ್ಚು. ಮೊದಲು ಚೆನ್ನಾಗಿ ಕಂಡು, ನಾಲ್ಕರಿಂದ ಆರು ವಾರದ ಹೊತ್ತಿಗೆ ಮತ್ತೆ ಮಬ್ಬಾದರೆ ಸುಮ್ಮನಿರಬೇಡಿ. ಹೆಚ್ಚಿನವರಿಗೆ ಹನಿ ಔಷಧಿಯಲ್ಲೇ ಇಳಿಯುತ್ತದೆ. ಕೊಟ್ಟ ಹನಿಗಳನ್ನು ಹೇಳಿದಷ್ಟು ದಿನ ಹಾಕಿ, ಚೆನ್ನಾಗಿ ಕಾಣುತ್ತಿದೆ ಎಂದು ನಡುವೆ ಬಿಡಬೇಡಿ. ತಂದೆಯವರು ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಹಿಂದೆ ತೆಗೆದುಕೊಂಡಿದ್ದರೆ ಶಸ್ತ್ರಚಿಕಿತ್ಸಕರಿಗೆ ಮುಂಚೆಯೇ ಹೇಳಿ. ಅದು ರೆಟಿನಾದ ವಿಷಯವಲ್ಲ, ಆದರೆ ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕುಗ್ಗಿ ಫಜೀತಿಯಾಗುತ್ತದೆ.

ನೀಲಿಶಾಯಿ

ಆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ! ಯಾರೂ ಕೇಳಿರಲಿಲ್ಲ. ಇವತ್ತೇ ಫೋನ್ ಮಾಡುತ್ತೇನೆ. ಆಮೇಲೆ ಮತ್ತೆ ಸ್ಕ್ಯಾನ್ ಬೇಕಾದರೆ ಮನೆಗೆ ಹತ್ತಿರವಿರುವ ಬೇರೆ ಕಡೆ ಮಾಡಿಸಬಹುದೇ?

ಕತ್ತಲಕೋಣೆ

ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿ. ರೆಟಿನಾದ ತಳದ ಗೆರೆಯನ್ನು ಒಂದೊಂದು ಕಂಪನಿಯ ಯಂತ್ರ ಒಂದೊಂದು ಪದರದಲ್ಲಿ ಎಳೆಯುತ್ತದೆ. ಅದೇ ಕಣ್ಣು, ಅದೇ ದಿನ, ಎರಡು ಯಂತ್ರದಲ್ಲಿ ಹತ್ತಾರು ಮೈಕ್ರಾನ್ ವ್ಯತ್ಯಾಸ ಬರಬಹುದು. 338 ಎಂಬುದು 355 ಆದರೆ ಊತವೋ ಯಂತ್ರದ ಭೇದವೋ ಎಂದು ತಿಳಿಯದು. ಬೇರೆ ಕಡೆ ಹೋಗಲೇಬೇಕಾದರೆ ಮುದ್ರಿಸಿದ ಒಂದು ಹಾಳೆ ಸಾಲದು, ಎಲ್ಲ ಅಡ್ಡಕೊಯ್ತಗಳಿರುವ ಕಡತವನ್ನೇ ಕೇಳಿ ಪಡೆಯಿರಿ.